ಅಳಿಸಿದ ಅಕ್ಷರ: ಆರ್ವೆಲ್ಲನ ‘1984’ರಲ್ಲಿ ಪ್ರಚಾರದ ಸ್ವರೂಪ

ಆದರ್ಶರಾಜ್ಯವನ್ನು ಕಲ್ಪಿಸುವ ಬರೆಹಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಬಹು ಹಳೆಯವು. ಪ್ಲೇಟೊವಿನ ಸಂವಾದವಿರಲಿ, 1516ರಲ್ಲಿ ಪ್ರಕಟವಾದ ತಾಮಸ್ ಮೋರನ ‘ಯುಟೋಪಿಯ’ವಿರಲಿ, ಮಾನವನ ಬುದ್ಧಿಯು ಸರಿಯಾಗಿ ಪ್ರವರ್ತಿಸಿದರೆ ನೆಲದ ಮೇಲೆ ಎಂತಹ ಬಾಳು ಸಾಧ್ಯವಾದೀತೆಂಬ ಕುತೂಹಲವೇ ಅವುಗಳ ಮೂಲದ್ರವ್ಯ. ಇಪ್ಪತ್ತನೆಯ ಶತಮಾನವು ಈ ಪರಂಪರೆಯನ್ನು ತಲೆಕೆಳಗು ಮಾಡಿತು. ರಷ್ಯದ ಜಮ್ಯಾಟಿನ್ 1920-21ರಲ್ಲಿ ‘ನಾವು’ ಎಂಬ ಕಾದಂಬರಿಯನ್ನು ಬರೆದನು. ಅದು 1924ರಲ್ಲಿ ಇಂಗ್ಲಿಷ್ ಅನುವಾದವಾಗಿ ನ್ಯೂಯಾರ್ಕಿನಲ್ಲಿ ಬೆಳಕು ಕಂಡರೂ ಲೇಖಕನ ಸ್ವದೇಶದಲ್ಲಿ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’ 1932ರಲ್ಲಿಯೂ, ಜಾರ್ಜ್ ಆರ್ವೆಲ್ಲನ ‘ನೈನ್ಟೀನ್ ಎಯ್ಟಿ-ಫೋರ್’ 1949ರಲ್ಲಿಯೂ, ಬ್ರಾಡ್ಬರಿಯ ‘ಫ್ಯಾರನ್ಹೀಟ್ 451’ 1953ರಲ್ಲಿಯೂ ಬಂದವು. ಡಿಸ್ಟೋಪಿಯವೆಂದು ವಿಮರ್ಶಕರು ಕರೆಯುವ ಈ ಪ್ರಕಾರದ ಕೃತಿಗಳಲ್ಲಿ ಆರ್ವೆಲ್ಲನದೊಂದನ್ನೇ ಮುಖ್ಯವಾಗಿ ಎತ್ತಿಕೊಂಡು, ಪ್ರಚಾರವೆಂಬುದರ ಸ್ವರೂಪವನ್ನು ಅದು ಹೇಗೆ ಕಂಡಿದೆಯೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತು. ಕನ್ನಡದಲ್ಲಿ ‘ಪ್ರಚಾರ’ವೆಂಬ ಶಬ್ದ ನಿರುಪದ್ರವಿಯಾದುದು. ಧರ್ಮಕ್ಕೂ ಪ್ರಚಾರವುಂಟು, ಖಾದಿಗೂ ಉಂಟು, ಚುನಾವಣೆಗೂ ಉಂಟು. ಇದ್ದುದನ್ನು ನಾಲ್ಕು ಜನರಿಗೆ ತಿಳಿಸುವುದು ಎಂಬಷ್ಟೇ ಅದರ ಭಾವ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಆರ್ವೆಲ್ಲನನ್ನು ಓದಿದರೆ, ಸುಳ್ಳನ್ನು ಗಟ್ಟಿಯಾಗಿ ಹೇಳಿ ಜನರನ್ನು ನಂಬಿಸುವುದೇ ಅವನು ಚಿತ್ರಿಸಿದ ರಾಜ್ಯದ ಕೆಲಸವೆಂದು ತೋರುವುದು ಸಹಜ. ಗೋಡೆಗೋಡೆಯ ಮೇಲಿನ ‘ಹಿರಿಯಣ್ಣ’ನ ಚಿತ್ರ, ಮನೆಯೊಳಗೆ ಹಗಲಿರುಳೂ ಕಣ್ಣಿಟ್ಟ ಟೆಲಿಸ್ಕ್ರೀನು, ದಿನಕ್ಕೆರಡು ನಿಮಿಷದ ಸಾಮೂಹಿಕ ದ್ವೇಷ, ಇವುಗಳೇ ಓದುಗರ ನೆನಪಿನಲ್ಲಿ ಉಳಿಯುವುದೂ ಅದರಿಂದಲೇ. ಆದರೆ ಕಾದಂಬರಿಯ ತಿರುಳು ಈ ಅಬ್ಬರದಲ್ಲಿಲ್ಲ, ವಿನ್ಸ್ಟನ್ ಸ್ಮಿತ್ತನು ಸತ್ಯಸಚಿವಾಲಯದಲ್ಲಿ ಕುಳಿತು ಕೆಲಸಮಾಡುವ ಮೇಜಿನಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಆ ಮೇಜಿನ ಕೆಲಸವೇನು? ಹಳೆಯ ಪತ್ರಿಕೆಗಳನ್ನು ತಿದ್ದುವುದು. 1984ರಲ್ಲಿ ಚಾಕೊಲೇಟಿನ ಪಡಿತರವನ್ನು ಇಳಿಸುವುದಿಲ್ಲವೆಂದು ಸರ್ಕಾರ ಫೆಬ್ರವರಿಯಲ್ಲಿ ಮಾತು ಕೊಟ್ಟಿತ್ತು. ಈಗ ಅದು ಮೂವತ್ತು ಗ್ರಾಮಿನಿಂದ ಇಪ್ಪತ್ತಕ್ಕೆ ಇಳಿಯಲಿದೆ. ಆದುದರಿಂದ ಹಿಂದಿನ ವಾಗ್ದಾನವಿದ್ದ ಜಾಗದಲ್ಲಿ, ಏಪ್ರಿಲಿನ ಹೊತ್ತಿಗೆ ಇಳಿಸಬೇಕಾದೀತೆಂಬ ಮುನ್ಸೂಚನೆಯನ್ನು ವಿನ್ಸ್ಟನ್ ಬರೆದಿಡುತ್ತಾನೆ. ಮೂಲಪ್ರತಿ ಗೋಡೆಯ ಕಿಂಡಿಯೊಂದರ ಮೂಲಕ ಕುಲುಮೆಗೆ ಹೋಗುತ್ತದೆ. ಆ ಕಿಂಡಿಗೆ ಅಲ್ಲಿನವರು ಇಟ್ಟ ಹೆಸರು ‘ನೆನಪಿನ ಕಿಂಡಿ’. ಇಷ್ಟರಲ್ಲೇ ಮುಗಿಯಲಿಲ್ಲ. ಪಡಿತರವನ್ನು ವಾರಕ್ಕೆ ಇಪ್ಪತ್ತು ಗ್ರಾಮಿಗೆ ಏರಿಸಿದ್ದಕ್ಕಾಗಿ ಜನರು ಹಿರಿಯಣ್ಣನಿಗೆ ಕೃತಜ್ಞತೆ ಸಲ್ಲಿಸಿ ಮೆರವಣಿಗೆ ನಡೆಸಿದರೆಂಬ ವಾರ್ತೆ ಬಳಿಕ ಬಿತ್ತರವಾಗುತ್ತದೆ. ಇಳಿಕೆಯ ಪ್ರಕಟಣೆ ಬಂದು ಇಪ್ಪತ್ತನಾಲ್ಕು ಗಂಟೆಯೂ ಆಗಿಲ್ಲ. ನೆರೆಯ ಪಾರ್ಸನ್ಸ್ ಇದನ್ನು ಸಲೀಸಾಗಿ ನುಂಗಿಕೊಳ್ಳುತ್ತಾನೆ. ತನಗೊಬ್ಬನಿಗೇ ನೆನಪಿದೆಯೇ ಎಂದು ವಿನ್ಸ್ಟನ್ ತಬ್ಬಿಬ್ಬಾಗುತ್ತಾನೆ.

ಇಲ್ಲಿ ಸುಳ್ಳು ಬಹಳ ಚಿಕ್ಕದು; ಹತ್ತು ಗ್ರಾಮ್ ಚಾಕೊಲೇಟಿನದು. ಆದರೆ ಅದನ್ನು ಸುಳ್ಳೆಂದು ತೋರಿಸಿಕೊಡುವ ಅಳತೆಗೋಲು ಎಲ್ಲಿಯೂ ಉಳಿದಿಲ್ಲ. ಒಪ್ಪಿಸುವ ವಾದವೂ, ಮರುಳುಗೊಳಿಸುವ ವಾಕ್ಚಾತುರ್ಯವೂ ಇಂತಹ ರಾಜ್ಯಕ್ಕೆ ಅನಾವಶ್ಯಕ. ನಿನ್ನೆಯನ್ನೂ ಇಂದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಶಕ್ತಿಯನ್ನು ಪ್ರಜೆಗಳಿಂದ ಕಿತ್ತುಕೊಂಡರೆ ಸಾಕು. ಎರಡಕ್ಕೆ ಎರಡು ಕೂಡಿದರೆ ನಾಲ್ಕೆಂದು ಹೇಳಲು ಸಾಧ್ಯವಾಗುವುದೇ ಸ್ವಾತಂತ್ರ್ಯವೆಂದು ವಿನ್ಸ್ಟನ್ ದಿನಚರಿಯಲ್ಲಿ ಬರೆದುಕೊಳ್ಳುವುದು ಈ ಹಿನ್ನೆಲೆಯಲ್ಲಿ. ಸ್ವಾತಂತ್ರ್ಯವನ್ನು ಮತದಾನ, ಸಭೆ, ಭಾಷಣಗಳಿಂದಲ್ಲದೆ ಒಂದು ಸಾಮಾನ್ಯ ಸಂಕಲನದಿಂದ ನಿರೂಪಿಸಿದುದು ಈ ಕೃತಿಯ ಅಸಾಧಾರಣ ಗುಣಗಳಲ್ಲೊಂದು.

ಇದೆಲ್ಲ ಕವಿಕಲ್ಪನೆಯ ಅತ್ಯುಕ್ತಿಯೆನ್ನುವವರಿಗೆ ಒಂದು ನಿದರ್ಶನವನ್ನು ಕೊಡಬಹುದು. ಸೋವಿಯತ್ ಮಹಾವಿಶ್ವಕೋಶದ ಎರಡನೆಯ ಆವೃತ್ತಿಯಲ್ಲಿ ಪೊಲೀಸ್ ಇಲಾಖೆಯ ಮುಖ್ಯಸ್ಥನಾಗಿದ್ದ ಬೇರಿಯನನ್ನು ಕುರಿತು ದೀರ್ಘವಾದ ಲೇಖನವಿತ್ತು. 1953ರಲ್ಲಿ ಅವನು ಪದಚ್ಯುತನಾಗಿ ಮರಣದಂಡನೆಗೆ ಗುರಿಯಾದ ಮೇಲೆ ಚಂದಾದಾರರಿಗೆಲ್ಲ ಬದಲಿ ಪುಟಗಳು ಬಂದವು. ಹಳೆಯ ಪುಟಗಳನ್ನು ಕತ್ತರಿಸಿ ತೆಗೆದು, ಬೇರಿಂಗ್ ಸಮುದ್ರವೇ ಮೊದಲಾದ ವಿಷಯಗಳನ್ನುಳ್ಳ ಹೊಸ ಪುಟಗಳನ್ನು ಅಂಟಿಸಿಕೊಳ್ಳಬೇಕೆಂದು ಸೂಚನೆಯಿತ್ತು. ಆರ್ವೆಲ್ಲನು 1950ರ ಜನವರಿಯಲ್ಲಿಯೇ ತೀರಿಕೊಂಡಿದ್ದನು. ಅವನ ಕಲ್ಪನೆಗೂ ಈ ಘಟನೆಗೂ ಇರುವ ವ್ಯತ್ಯಾಸವಿಷ್ಟೇ: ಅಲ್ಲಿ ಕಿಂಡಿಯಿತ್ತು, ಇಲ್ಲಿ ಕತ್ತರಿಯನ್ನು ಓದುಗನ ಕೈಗೇ ಕೊಟ್ಟಿದ್ದರು.

ಓದುಗನ ಕೈ ಎಂದೆವು. ಇದು ಕಾದಂಬರಿಯೊಳಗೂ ಉಂಟು. ದ್ರೋಹಿಗಳೆಂದು ತಪ್ಪೊಪ್ಪಿಕೊಂಡ ಮೂವರು ಹಳೆಯ ನಾಯಕರು ನಿರಪರಾಧಿಗಳೆಂಬುದಕ್ಕೆ ಪತ್ರಿಕೆಯ ಹಾಳೆಯೊಂದರ ಛಾಯಾಚಿತ್ರ ಸಾಕ್ಷಿಯಾಗಿ ವಿನ್ಸ್ಟನ್ನನ ಕೈಗೆ ಸಿಕ್ಕಿತ್ತು. ಹತ್ತು ನಿಮಿಷ ಹೆದರಿ ಕುಳಿತು, ಕೊನೆಗೆ ತಾನೇ ಅದನ್ನು ಕಿಂಡಿಗೆ ಹಾಕಿದನು. ಅವನು ಬರಿಯ ಬಲಿಪಶುವಲ್ಲ. ಯಂತ್ರದ ಒಂದು ಕೀಲು. ಇನ್ನೂ ಕಹಿಯಾದುದೆಂದರೆ ಅವನಿಗೆ ಬಾಳಿನಲ್ಲಿ ದೊರೆಯುವ ಬಹುದೊಡ್ಡ ಸಂತೋಷ ಈ ಕೆಲಸದ್ದೇ. ಒಗಿಲ್ವಿಯೆಂಬ, ಎಂದೂ ಹುಟ್ಟದ ವೀರನೊಬ್ಬನ ಚರಿತ್ರೆಯನ್ನು ನಿಮಿಷಮಾತ್ರದಲ್ಲಿ ಸೃಷ್ಟಿಸಿದಾಗ ಅವನಲ್ಲಿ ಏಳುವುದು ಕುಶಲಕರ್ಮಿಯ ತೃಪ್ತಿ. ಅವನ ಸಹೋದ್ಯೋಗಿಗಳೂ ನಮಗೆ ತೀರ ಅಪರಿಚಿತರಲ್ಲ. ಸೈಮ್ ಎಂಬುವನು ಭಾಷಾಶಾಸ್ತ್ರಜ್ಞ, ಹೊಸ ನುಡಿಯ ನಿಘಂಟಿನ ಹನ್ನೊಂದನೆಯ ಆವೃತ್ತಿಯಲ್ಲಿ ಮುಳುಗಿದವನು. ಪದಗಳನ್ನು ನಾಶಮಾಡುವುದರ ಸೊಬಗನ್ನು ಊಟದ ಹೊತ್ತಿನಲ್ಲಿ ವಿವರಿಸಬಲ್ಲವನು. ಆಂಪಲ್ಫೋರ್ತ್ ಕವಿ, ಪ್ರಾಚೀನ ಕಾವ್ಯದ ಪರಿಷ್ಕರಣಕ್ಕೆ ನೇಮಕಗೊಂಡವನು. ಕಿಪ್ಲಿಂಗನ ಪದ್ಯವೊಂದರ ಪಾದಾಂತ್ಯದಲ್ಲಿದ್ದ ‘ದೇವರು’ ಎಂಬ ಅರ್ಥದ ಪದವನ್ನು ಪ್ರಾಸಕ್ಕೆ ಬೇರೆ ಗತಿಯಿಲ್ಲದೆ ಉಳಿಸಿದನೆಂಬ ಕಾರಣಕ್ಕೆ ಅವನು ಸೆರೆಮನೆ ಸೇರುತ್ತಾನೆ. ಪಾಠಾಂತರ, ಪ್ರಾಸ, ಗ್ರಂಥಸಂಪಾದನೆ, ನಿಘಂಟು! ವಿಶ್ವವಿದ್ಯಾನಿಲಯದ ವಿಭಾಗವೊಂದರ ಕೆಲಸಗಳೆಲ್ಲ ಈ ಸಚಿವಾಲಯದಲ್ಲಿ ನಡೆಯುತ್ತಿವೆ. ಪ್ರಚಾರಕ್ಕೆ ವಿದ್ಯಾವಂತರು ಎದುರಾಳಿಗಳೆಂದು ನಂಬಿ ನಾವು ನೆಮ್ಮದಿಯಿಂದಿದ್ದರೆ, ಅದಕ್ಕೆ ಅವರೇ ಅಗತ್ಯವಾದ ಕಸುಬುಗಾರರೆಂಬುದನ್ನು ಈ ಪುಟಗಳು ತೋರಿಸಿಕೊಡುತ್ತವೆ.

ಆರ್ವೆಲ್ಲನಿಗೆ ಈ ಅರಿವು ಪುಸ್ತಕದಿಂದ ಮಾತ್ರ ಬಂದುದಲ್ಲ. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಅವನು 1941ರಿಂದ 1943ರವರೆಗೆ ಬಿ.ಬಿ.ಸಿ.ಯ ಪೂರ್ವದೇಶಗಳ ವಿಭಾಗದಲ್ಲಿದ್ದು ಭಾರತದ ಶ್ರೋತೃಗಳಿಗಾಗಿ ಭಾಷಣಗಳನ್ನು ಏರ್ಪಡಿಸುತ್ತಿದ್ದನು. ಮುಲ್ಕ್ ರಾಜ್ ಆನಂದರೂ, ಎಲಿಯಟ್, ಫಾರ್ಸ್ಟರ್ ಮೊದಲಾದವರೂ ಅವನ ಕಾರ್ಯಕ್ರಮಗಳಲ್ಲಿ ಮಾತನಾಡಿದರು. ಸಾಹಿತ್ಯಪ್ರಸಾರವೇನೋ ಹೌದು, ಆದರೆ ಯುದ್ಧಕಾಲದಲ್ಲಿ ಭಾರತೀಯ ವಿದ್ಯಾವಂತರ ಮನಸ್ಸನ್ನು ಬ್ರಿಟನ್ನಿನ ಕಡೆಗೆ ಇಟ್ಟುಕೊಳ್ಳುವುದು ಅದರ ಒಳ ಉದ್ದೇಶವಾಗಿತ್ತು, ಬರೆಹವೆಲ್ಲ ಸೆನ್ಸಾರಿನ ಕಣ್ಣಿನ ಮುಂದೆ ಹಾದುಹೋಗಬೇಕಾಗಿತ್ತು. ಕಾಲೇಜುಗಳಲ್ಲಿ ಓದುತ್ತಿದ್ದ ಅಂದಿನ ತರುಣರೇ ಆ ಪ್ರಚಾರದ ಗುರಿ. ಸತ್ಯಸಚಿವಾಲಯದ ಚಿತ್ರಕ್ಕೆ ಮಾಸ್ಕೊ ಬರ್ಲಿನ್ನುಗಳಷ್ಟೇ ಅಲ್ಲದೆ ಲಂಡನ್ನಿನ ಕಚೇರಿಯೂ ಬಣ್ಣ ಒದಗಿಸಿತೆಂಬುದನ್ನು ಮರೆಯಲಾಗದು.

ಹಕ್ಸ್ಲಿಯ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. 1949ರ ಅಕ್ಟೋಬರಿನಲ್ಲಿ ಆರ್ವೆಲ್ಲನಿಗೆ ಬರೆದ ಕಾಗದದಲ್ಲಿ, ಮುಂದಿನ ಪ್ರಭುಗಳು ಬೂಟಿನ ಬದಲು ಸುಖದಿಂದಲೇ ಆಳುವರೆಂಬ ತನ್ನ ಊಹೆಯನ್ನು ಅವನು ಸಮರ್ಥಿಸಿಕೊಂಡನು. ನಿದ್ರೆಯಲ್ಲಿ ಬೋಧನೆ, ಎಚ್ಚರದಲ್ಲಿ ‘ಸೋಮ’ ಗುಳಿಗೆ. ದಂಡನೆಯ ಅಗತ್ಯವೇ ಅಪರೂಪ. ಬ್ರಾಡ್ಬರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಅವನ ಕಥೆಯಲ್ಲಿ ಪುಸ್ತಕ ಸುಡುವ ಪಡೆಯ ನಾಯಕ ಬೀಟಿ ಹೇಳುವ ಪ್ರಕಾರ, ಈ ಪದ್ಧತಿ ಸರ್ಕಾರದ ಆಜ್ಞೆಯಿಂದ ಹುಟ್ಟಿದುದಲ್ಲ. ಓದಿನ ಶ್ರಮ ಜನರಿಗೇ ಬೇಡವಾಗಿತ್ತು, ಪ್ರತಿಯೊಂದು ಗುಂಪಿಗೂ ಯಾವುದಾದರೊಂದು ಪುಸ್ತಕ ನೋವುಂಟುಮಾಡುತ್ತಿತ್ತು. ಯಾರ ಭವಿಷ್ಯವಾಣಿ ಫಲಿಸಿತೆಂಬ ಚರ್ಚೆ ಇಂದಿಗೂ ನಡೆದಿದೆ. ಸಾಹಿತ್ಯವನ್ನು ಪಂಚಾಂಗದಂತೆ ಓದುವ ಈ ಚರ್ಚೆಯಲ್ಲಿ ನಮಗೆ ಹೆಚ್ಚಿನ ಆಸಕ್ತಿಯಿಲ್ಲ. ಭಯದಿಂದಾಗಲಿ ಭೋಗದಿಂದಾಗಲಿ ಆಲಸ್ಯದಿಂದಾಗಲಿ ನಷ್ಟವಾಗುವುದು ಒಂದೇ: ಹೋಲಿಸಿ ನೋಡುವ ಬುದ್ಧಿ.

ಇದಕ್ಕಿಂತ ತೊಡಕಾದ ಪ್ರಶ್ನೆಯೊಂದಿದೆ. ಪ್ರಚಾರವನ್ನು ಬಯಲಿಗೆಳೆಯುವ ಕೃತಿಯೇ ಪ್ರಚಾರದ ಸಾಧನವಾದರೆ? ಆರ್ವೆಲ್ಲನ ಪಾಲಿಗೆ ಇದು ನಡೆದೇಹೋಯಿತು. ಅವನ ‘ಅನಿಮಲ್ ಫಾರ್ಮ್’ ಕಥೆಯ ಕೊನೆಯಲ್ಲಿ ಹಂದಿಗಳ ಮುಖಕ್ಕೂ ಮನುಷ್ಯರ ಮುಖಕ್ಕೂ ಭೇದ ಕಾಣದಾಗುತ್ತದೆ. ಹಳೆಯ ಒಡೆಯರೂ ಹೊಸ ಒಡೆಯರೂ ಒಂದೇ ಎಂಬುದು ಅಲ್ಲಿನ ಧ್ವನಿ. 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿ.ಐ.ಎ. ಗುಟ್ಟಾಗಿ ಹಣ ಒದಗಿಸಿದ ಚಲನಚಿತ್ರದಲ್ಲಿ ಈ ಮುಕ್ತಾಯವನ್ನೇ ಬದಲಾಯಿಸಿ, ಪ್ರಾಣಿಗಳು ಹಂದಿಗಳ ಮೇಲೆ ದಂಗೆಯೇಳುವಂತೆ ಮಾಡಿದರು. ಮೃತ ಲೇಖಕನ ಪಠ್ಯವನ್ನು ಅವನ ಮಿತ್ರಪಕ್ಷದವರೇ ತಿದ್ದಿದರು. ‘1984’ನ್ನು ಕುರಿತು ಐಸಾಕ್ ಡಾಯ್ಚರನು ಬರೆದ ಕಟುವಾದ ಪ್ರಬಂಧದಲ್ಲಿ ನ್ಯೂಯಾರ್ಕಿನ ಪತ್ರಿಕೆ ಮಾರುವವನೊಬ್ಬನ ಪ್ರಸ್ತಾಪವಿದೆ, ರಷ್ಯನ್ನರ ಮೇಲೆ ಅಣುಬಾಂಬನ್ನು ಏಕೆ ಹಾಕಬೇಕೆಂಬುದು ಈ ಪುಸ್ತಕದಿಂದ ತಿಳಿಯುತ್ತದೆಂದು ಅವನು ಶಿಫಾರಸು ಮಾಡಿದನಂತೆ. ಇದರ ಹೊಣೆಯ ಒಂದು ಭಾಗವನ್ನು ಡಾಯ್ಚರ್ ಕಾದಂಬರಿಯ ಮೇಲೆಯೇ ಹೊರಿಸುತ್ತಾನೆ. ಈ ನಿರ್ಣಯವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಏಕೆಂದರೆ ಇಂತಹ ಓದನ್ನು ತಡೆಯುವ ಪ್ರಸಂಗ ಕಾದಂಬರಿಯಲ್ಲಿಯೇ ಇದೆ. ಓಬ್ರಯನ್ನನ ಮನೆಯಲ್ಲಿ ವಿನ್ಸ್ಟನ್ನನೂ ಜೂಲಿಯಳೂ ಪ್ರತಿಜ್ಞೆ ಮಾಡುವಾಗ, ಪಕ್ಷವನ್ನು ಉರುಳಿಸುವುದಕ್ಕೆ ನೆರವಾಗುವುದಾದರೆ ಮಗುವೊಂದರ ಮುಖಕ್ಕೆ ಆಮ್ಲ ಎರಚುವಿರಾ ಎಂಬ ಪ್ರಶ್ನೆ ಬರುತ್ತದೆ. ಹೌದೆಂದು ವಿನ್ಸ್ಟನ್ ಉತ್ತರಿಸುತ್ತಾನೆ. ಮುಂದೆ ಸೆರೆಯಲ್ಲಿ, ನೀತಿಯಲ್ಲಿ ತಾನು ಪಕ್ಷಕ್ಕಿಂತ ಮೇಲೆಂದು ಅವನು ಹೇಳಿಕೊಂಡೊಡನೆ ಓಬ್ರಯನ್ ಆ ಮಾತುಗಳ ಧ್ವನಿಮುದ್ರಣವನ್ನು ಕೇಳಿಸುತ್ತಾನೆ. ಸ್ವಾತಂತ್ರ್ಯದ ಹೆಸರಿನಲ್ಲಿ ಏನನ್ನಾದರೂ ಮಾಡಬಹುದೆಂಬವನ ಬಾಯಿಂದ ಸ್ವಾತಂತ್ರ್ಯದ ಪರವಾದ ವಾದ ಜಾರಿಹೋಗುವ ಗಳಿಗೆಯದು. ಪತ್ರಿಕೆ ಮಾರುವವನು ಇದನ್ನು ಓದಿದ್ದರೂ ಗಮನಿಸಿರಲಾರನು.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಜೂಲಿಯಳ ಪಾತ್ರ ತೆಳುವಾದುದು. ಗೋಲ್ಡ್‌ಸ್ಟೀನನ ಗ್ರಂಥವೆಂದು ಮಧ್ಯದಲ್ಲಿ ಸೇರಿಸಿದ ರಾಜಕೀಯ ಪ್ರಬಂಧ ಕಥನದ ಓಟವನ್ನು ಕುಂಠಿತಗೊಳಿಸುತ್ತದೆ; ಅದನ್ನು ಕೇಳುತ್ತ ಜೂಲಿಯ ನಿದ್ದೆಹೋಗುವುದು ಲೇಖಕನ ವಿನೋದವೋ ತಪ್ಪೊಪ್ಪಿಗೆಯೋ ಹೇಳುವುದು ಕಷ್ಟ. ಕೊನೆಗೆ, ನಾಯಕನ ಸೋಲಿನೊಡನೆ ಕಥೆ ಮುಗಿದ ಮೇಲೆ, ನ್ಯೂಸ್ಪೀಕ್ ಎಂಬ ಆ ಹೊಸ ನುಡಿಯ ವ್ಯಾಕರಣವನ್ನು ವಿವರಿಸುವ ಅನುಬಂಧವೊಂದಿದೆ. ಬಿಡುಗಡೆಯೆಂಬ ಅರ್ಥದ ಶಬ್ದ ಆ ನುಡಿಯಲ್ಲಿ ಉಳಿದಿದೆ. ಆದರೆ ನಾಯಿಗೆ ಹೇನಿನಿಂದ ಬಿಡುಗಡೆಯಾಯಿತೆನ್ನಲು ಮಾತ್ರ ಅದನ್ನು ಬಳಸಬಹುದು. ಈ ಅನುಬಂಧವೆಲ್ಲ ಭೂತಕಾಲದಲ್ಲಿ, ಸಾಧಾರಣ ಇಂಗ್ಲಿಷಿನಲ್ಲಿ, ಸ್ವಸ್ಥನಾದ ವಿದ್ವಾಂಸನೊಬ್ಬನ ಧಾಟಿಯಲ್ಲಿದೆ. ಹಾಗಾದರೆ ಆ ರಾಜ್ಯವಳಿದ ಮೇಲೆ ಯಾರೋ ಇದನ್ನು ಬರೆದಿರಬೇಕೆಂದು ಕೆಲವು ವಿಮರ್ಶಕರು ಊಹಿಸಿದ್ದಾರೆ. ಆಕರ್ಷಕವಾದ ಊಹೆ, ಆದರೆ ಒಂದು ಕ್ರಿಯಾಪದದ ಕಾಲದ ಮೇಲೆ ಅಷ್ಟು ದೊಡ್ಡ ಭರವಸೆಯನ್ನು ಹೊರಿಸಬಹುದೇ ಎಂಬ ಸಂಶಯ ನಮಗುಂಟು. ನಿಶ್ಚಯವಾಗಿ ಹೇಳಬಹುದಾದುದು ಇಷ್ಟು: 1949ರಲ್ಲಿ ಅಮೆರಿಕದ ದೊಡ್ಡ ಪುಸ್ತಕ ಸಂಘವೊಂದು ಗೋಲ್ಡ್‌ಸ್ಟೀನನ ಅಧ್ಯಾಯಗಳನ್ನೂ ಅನುಬಂಧವನ್ನೂ ತೆಗೆದುಹಾಕಿದರೆ ಕಾದಂಬರಿಯನ್ನು ತನ್ನ ಸದಸ್ಯರಿಗೆ ಹಂಚಲು ಮುಂದೆ ಬಂದಿತು. ಕ್ಷಯರೋಗದಿಂದ ಹಾಸಿಗೆ ಹಿಡಿದಿದ್ದ ಲೇಖಕನು, ಬಹಳ ಹಣ ಕೈತಪ್ಪುವುದೆಂದು ತಿಳಿದಿದ್ದರೂ ಒಪ್ಪಲಿಲ್ಲ. ಬಳಿಕ ಸಂಘದವರು ಪುಸ್ತಕವನ್ನು ಇದ್ದಂತೆಯೇ ತೆಗೆದುಕೊಂಡರು.