ಡ್ರೈಯರ್‌ ಜೊತೆಗೇ ತಿರುಗುವ ಫ್ಯಾನ್

ಬಟ್ಟೆ ಒಣಗಿಸುವ ಡ್ರೈಯರ್‌ನ ಬಿಸಿ ತೇವಗಾಳಿಯನ್ನು ಹೊರಹಾಕುವ ಕೊಳವೆ ತೀರಾ ಉದ್ದವಾದಾಗ ನಡುವೆ ಕೂರಿಸುವ ಸಹಾಯಕ ಫ್ಯಾನೇ ಬೂಸ್ಟರ್. ಕುಷ್ಟಗಿ ತಾಲ್ಲೂಕಿನ ಹನುಮಸಾಗರದಲ್ಲಿ ಇದರ ಹಂಗಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹರವಿದ ಧೋತರ ನೋಡನೋಡುತ್ತಲೇ ಒಣಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಮಾತ್ರ ಡ್ರೈಯರ್ ದಿನಬಳಕೆಯ ವಸ್ತು. ಅಲ್ಲಿನ ವಸತಿ ಕಟ್ಟಡಗಳ ಮಾದರಿ ಸಂಹಿತೆಯಲ್ಲಿ 4 ಇಂಚಿನ ಈ ಕೊಳವೆಗೆ ಸಾಮಾನ್ಯ ಮಿತಿ 35 ಅಡಿ. ಸಾಧಾರಣ ಮೂಲೆತಿರುವು ಒಂದಕ್ಕೆ 5 ಅಡಿ ಕಳೆಯಬೇಕು. ಗಾಳಿ ನಿಧಾನವಾದರೆ ಬಟ್ಟೆಯಿಂದ ಉದುರುವ ನೂಲುಧೂಳು ಕೊಳವೆಯಲ್ಲೇ ಕೂರುತ್ತದೆ. ಅದು ಬೇಗ ಹೊತ್ತಿಕೊಳ್ಳುವಂಥದ್ದು. ಹಾಗಾಗಿ ಈ ಫ್ಯಾನನ್ನು ಕೈಸ್ವಿಚ್ಚಿಗೆ ಬಿಡುವುದು ಸರಿಯಲ್ಲ. ಒಂದು ದಿನ ಹಾಕಲು ಮರೆತರೆ ನಿಂತ ಫ್ಯಾನೇ ಗಾಳಿಗೆ ಅಡ್ಡವಾಗುತ್ತದೆ.

ಫ್ಯಾನ್ ತಾನಾಗಿ ಚಾಲೂ ಆಗಲು ಒಂದು ದಾರಿ ಒತ್ತಡದ ಸ್ವಿಚ್. ಡ್ರೈಯರ್ ಊದಿದಾಗ ಕೊಳವೆಯಲ್ಲಿ ಏರುವ ಒತ್ತಡಕ್ಕೆ ಅದರ ಪೊರೆ ಉಬ್ಬಿ ಫ್ಯಾನಿಗೆ ಕರೆಂಟ್ ಕೊಡುತ್ತದೆ. ಆದರೆ ಫ್ಯಾನ್ ಎಳೆಯತೊಡಗಿದ ಕೂಡಲೇ ಆ ಒತ್ತಡವೇ ಇಳಿಯುತ್ತದೆ! ಅದಕ್ಕೆಂದೇ ಕೆಲವು ಫ್ಯಾನುಗಳು ಗೊತ್ತಾದ ಹೊತ್ತು ತಿರುಗಿ, ನಿಂತು, ಮತ್ತೆ ಪರೀಕ್ಷಿಸುತ್ತವೆ. ಒತ್ತಡ ಅಳೆಯುವ ಸಣ್ಣ ನಳಿಕೆಗೆ ನೂಲುಧೂಳು ಕಟ್ಟಿದರೆ ಸ್ವಿಚ್ ಕುರುಡಾಗುತ್ತದೆ.

ಡ್ರೈಯರ್‌ನ ಕರೆಂಟ್ ಹರಿವನ್ನು ಗ್ರಹಿಸಿ ಫ್ಯಾನ್ ಚಾಲೂ ಮಾಡುವ ರಿಲೇ ಇದಕ್ಕಿಂತ ಮೇಲು. ಅದರ ಉಂಗುರದೊಳಗೆ ಒಂದೇ ತಂತಿ ಹಾಯಬೇಕು. ಇಡೀ ಕೇಬಲ್ ತೂರಿಸಿದರೆ ಹೋಗುವ, ಬರುವ ಕರೆಂಟಿನ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ಆಯ್ಕೆಯೇ ಇಲ್ಲಿ ಮುಖ್ಯ. ಅಮೆರಿಕದ ವಿದ್ಯುತ್ ಡ್ರೈಯರ್‌ನಲ್ಲಿ ಹೀಟರ್ 240 ವೋಲ್ಟಿನದು, ಮೋಟರ್ ಸಾಮಾನ್ಯವಾಗಿ 120 ವೋಲ್ಟಿನದು. ಎರಡು ಫೇಸ್ ತಂತಿಗಳ ಪೈಕಿ ಮೋಟರಿಗೆ ಹೋಗುವುದು ಒಂದೇ. ಉಂಗುರ ಇನ್ನೊಂದರ ಮೇಲಿದ್ದರೆ ಥರ್ಮೋಸ್ಟಾಟ್ ಹೀಟರನ್ನು ಆರಿಸಿದಾಗಲೆಲ್ಲ ಬೂಸ್ಟರೂ ನಿಲ್ಲುತ್ತದೆ, ಕೊನೆಯ ತಣಿಸುವ ಹಂತದಲ್ಲಂತೂ ತಿರುಗುವುದೇ ಇಲ್ಲ. ರಿಲೇ ಚಾಲೂ ಆಗುವ ಮಟ್ಟವನ್ನು ಡಿಸ್‌ಪ್ಲೇ ಬಳಸುವ ಅಲ್ಪ ಕರೆಂಟಿಗಿಂತ ಮೇಲೆ, ಮೋಟರಿನ ಕರೆಂಟಿಗಿಂತ ಕೆಳಗೆ ಹೊಂದಿಸಬೇಕು. ಡ್ರೈಯರ್ ನಿಂತ ಮೇಲೂ ಫ್ಯಾನ್ ಕೆಲವು ನಿಮಿಷ ತಿರುಗುವಂತೆ ಟೈಮರ್ ಇದ್ದರೆ ಉಳಿದ ತೇವ ಹೊರಹೋಗುತ್ತದೆ.

ಬಚ್ಚಲುಮನೆಯ ಫ್ಯಾನ್ ಈ ಕೆಲಸಕ್ಕೆ ಸಲ್ಲದು; ಡ್ರೈಯರ್‌ಗೆಂದೇ ಯುಎಲ್ 705 ಎಂಬ ಸುರಕ್ಷತಾ ಮಾನಕದಡಿ ಪಟ್ಟಿಯಾದದ್ದೇ ಬೇಕು. ಕೊಳವೆಯ ಹಾದಿ ಮೊಟಕು ಮಾಡಲು ಸಾಧ್ಯವಿದ್ದರೆ ಮೊದಲು ಅದನ್ನೇ ಮಾಡಿ, ಫ್ಯಾನ್ ಅನಿವಾರ್ಯವಾದರೆ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸುವುದು ಒಳ್ಳೆಯದು.