ಸ್ವಪಕ್ಷದ ನಗೆ

ಜಾನ್ ಸ್ಟುವರ್ಟ್ ಎಂಬ ವಿದೂಷಕನನ್ನು ಅಮೆರಿಕದ ವಿದ್ಯಾವಂತ ವರ್ಗ ಎರಡು ದಶಕಗಳಿಂದ ಲೋಕಶಿಕ್ಷಕನೆಂದೇ ಕೊಂಡಾಡುತ್ತ ಬಂದಿದೆ. 1999ರ ಜನವರಿಯಲ್ಲಿ ಆತ ‘ದಿ ಡೈಲಿ ಷೋ’ ಎಂಬ ಅಣಕುಸುದ್ದಿಯ ಕಾರ್ಯಕ್ರಮದ ಪೀಠವನ್ನೇರಿದುದು, 2015ರ ಆಗಸ್ಟಿನಲ್ಲಿ ಅದನ್ನಿಳಿದುದು, 2024ರಲ್ಲಿ ವಾರಕ್ಕೊಂದು ರಾತ್ರಿಯ ಮಟ್ಟಿಗೆ ಮರಳಿ ಬಂದು ಕುಳಿತುದು, ಇವೆಲ್ಲ ವಾಚಕರು ಬಲ್ಲ ಸಂಗತಿಗಳು. ಆತನ ಗರಡಿಯಲ್ಲಿ ಪಳಗಿದ ಸ್ಟೀಫನ್ ಕೋಲ್ಬೇರ್, ಜಾನ್ ಆಲಿವರ್ ಮೊದಲಾದವರು ತಡರಾತ್ರಿಯ ಟೆಲಿವಿಷನ್ನನ್ನು ಆಳಿದ ಬಗೆಯನ್ನೂ ವಿವರಿಸಬೇಕಾದುದಿಲ್ಲ. ಎರಡು ಪಾಳೆಯಗಳಾಗಿ ಒಡೆದ ಸಮಾಜವೊಂದರಲ್ಲಿ ಈ ಹಾಸ್ಯ ಕಲೆಯಾಗಿ ಎಷ್ಟು ದೂರ ನಡೆಯಿತು ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಅದಕ್ಕೆ ಸಂದಿರುವ ಕೀರ್ತಿ ಅದರ ಸತ್ತ್ವವನ್ನು ಬಹಳವಾಗಿ ಮೀರಿದ್ದೆಂಬುದು ನಮ್ಮ ಅಭಿಪ್ರಾಯ.

ಕಲಾವಿದನನ್ನು ಅವನ ಅತ್ಯುತ್ತಮ ಕೃತಿಯಿಂದಲೇ ಅಳೆಯುವುದು ನ್ಯಾಯವಾದುದರಿಂದ, ಅಭಿಮಾನಿಗಳು ಮತ್ತೆ ಮತ್ತೆ ಎತ್ತಿ ತೋರಿಸುವ 2003ರ ‘ಬುಷ್ ವಿರುದ್ಧ ಬುಷ್’ ಎಂಬ ತುಣುಕನ್ನೇ ಪರೀಕ್ಷಿಸೋಣ. ಅಮೆರಿಕದ ಸೇನೆ ಇರಾಕಿನ ಮೇಲೆ ಏರಿಹೋದ ವರ್ಷವದು. ಒಂದು ಕಡೆ, 2000ದ ಚುನಾವಣೆಗೆ ನಿಂತಿದ್ದ ಟೆಕ್ಸಾಸಿನ ಗವರ್ನರ್ ಬುಷ್. ಇನ್ನೊಂದು ಕಡೆ, ಗೆದ್ದು ಬಂದ ಅಧ್ಯಕ್ಷ ಬುಷ್. ನಡುವೆ ಚರ್ಚೆಯ ಮಧ್ಯಸ್ಥನಾಗಿ ಸ್ಟುವರ್ಟ್. ಪರರಾಷ್ಟ್ರಗಳನ್ನು ಕಟ್ಟಿಕೊಡುವ ಕಾರ್ಯಕ್ಕೆ ನಮ್ಮ ಸೈನಿಕರನ್ನು ಬಳಸತಕ್ಕದ್ದಲ್ಲವೆಂದು ಗವರ್ನರು ವಿನಯದಿಂದ ಸಾರಿದರೆ, ಅದೇ ಕಾರ್ಯಕ್ಕೆ ಅವರನ್ನು ಕಳುಹಿಸಿದ ಅಧ್ಯಕ್ಷನು ತನ್ನ ಬಾಯಿಂದಲೇ ಅವನನ್ನು ಖಂಡಿಸುತ್ತಾನೆ. ಪ್ರಶ್ನೆಗಳಷ್ಟೇ ಕಲ್ಪಿತ, ಉತ್ತರಗಳೆಲ್ಲ ದಾಖಲೆಯಲ್ಲಿದ್ದವು. ಚಮತ್ಕಾರವಿರುವುದು ಜೋಡಣೆಯಲ್ಲಿ: ನಡುವಣ ಮೂರು ವರ್ಷಗಳನ್ನು ಅಳಿಸಿ, ಒಬ್ಬನೇ ಮನುಷ್ಯನ ಎರಡು ಕಾಲಗಳನ್ನು ಎದುರುಬದುರಾಗಿ ಕೂರಿಸಿ, ಅನುಮಾನಪ್ರಮಾಣದಿಂದ ಕೊನೆಯ ಹೆಜ್ಜೆಯನ್ನಿಡುವ ಭಾರವನ್ನು ಪ್ರೇಕ್ಷಕನಿಗೇ ಬಿಟ್ಟುಕೊಟ್ಟ ಕೌಶಲದಲ್ಲಿ. ಇಲ್ಲಿ ನಗೆಗೀಡಾಗುವುದು ರಿಪಬ್ಲಿಕನ್ ಪಕ್ಷವಲ್ಲ. ಅಧಿಕಾರ ಕೈಸೇರಿದೊಡನೆ ತನ್ನ ಮಾತನ್ನೇ ಮರೆಯುವ ಮನುಷ್ಯಸ್ವಭಾವ. ಬುಷ್‌ಗೆ ಮತವಿತ್ತವನೂ, ಮುನಿಸಿನೊಂದಿಗಾದರೂ, ಇದಕ್ಕೆ ನಗಬಲ್ಲನು. ಆಲಂಕಾರಿಕರು ಸಾಧಾರಣೀಕರಣವೆಂದುದು, ಎಂದರೆ ತನ್ನದು-ಪರರದು ಎಂಬ ಭೇದವಳಿದ ಅನುಭವ, ಇಲ್ಲಿ ನಿಜವಾಗಿ ಸಿದ್ಧಿಸಿದೆ.

ಆದರೆ ಈ ಅಪೂರ್ವ ಕೌಶಲವು ನಿತ್ಯವಿಧಿಯಾದಾಗ ಆದುದೇನು? ಒಂದು ತುಣುಕು, ಅದಕ್ಕೆ ವಿರುದ್ಧವಾದ ಇನ್ನೊಂದು ತುಣುಕು, ಆಮೇಲೆ ಸ್ಟುವರ್ಟನ ಮುಖ: ಏರಿದ ಹುಬ್ಬು, ಅರೆತೆರೆದ ಬಾಯಿ, ಕ್ಷಣಕಾಲದ ಮೌನ, ಅದರ ಬೆನ್ನಿಗೇ ಸಭಾಂಗಣದ ಭೋರ್ಗರೆತ. ಹಾಸ್ಯ ಆತ್ಮಸ್ಥವೆಂದೂ ಪರಸ್ಥವೆಂದೂ ಎರಡು ಬಗೆ. ತಾನೇ ನಗುವುದು ಮೊದಲನೆಯದು, ಪರರನ್ನು ನಗಿಸುವುದು ಎರಡನೆಯದು ಎಂದು ಭರತಮುನಿ ಹೇಳುತ್ತಾನೆ. ಸ್ಟುವರ್ಟನ ಮುಖ ಈ ಎರಡನ್ನೂ ಬೆರೆಸಿಬಿಡುತ್ತದೆ: ಆ ಮುಖ ಮೊದಲು ತೀರ್ಪು ಕೊಡುತ್ತದೆ, ಪ್ರೇಕ್ಷಕ ಅದಕ್ಕೆ ವಿಧೇಯನಾಗಿ ನಗುತ್ತಾನೆ. ‘ಬುಷ್ ವಿರುದ್ಧ ಬುಷ್’ ಪ್ರೇಕ್ಷಕನಿಗೆ ಬಿಟ್ಟಿದ್ದ ಆ ಕೊನೆಯ ಹೆಜ್ಜೆಯನ್ನು ಮುಖ ಕಸಿದುಕೊಂಡಿತು. ನಗೆ ಹೋಗಿ ಚಪ್ಪಾಳೆ ಬಂದುದು ಅಂದಿನಿಂದ. ಚಪ್ಪಾಳೆಯಾದರೋ ಸಮ್ಮತಿಯ ಚಿಹ್ನೆಯೇ ಹೊರತು ರಸಾನುಭವದ ಚಿಹ್ನೆಯಲ್ಲ. ‘ಇದು ನನ್ನದು, ಇದು ಪರರದು’ ಎಂಬ ಆವೇಶವನ್ನು ಅಭಿನವಗುಪ್ತನು ರಸವಿಘ್ನಗಳಲ್ಲಿ ಎಣಿಸಿದನು. ಈ ಕಾರ್ಯಕ್ರಮಗಳಿಗೆ ಆ ವಿಘ್ನವೇ ಬಂಡವಾಳವಾಯಿತು.

ವಿದ್ವಾಂಸರ ವಿಷಯದಲ್ಲಿ ನಮ್ಮ ತಕರಾರಿರುವುದು ಇಲ್ಲಿಯೇ. ಜೆಫ್ರಿ ಬೇಮ್ ಎಂಬುವರು 2005ರಲ್ಲಿ ಬರೆದ ಪ್ರಬಂಧದಲ್ಲಿ ‘ದಿ ಡೈಲಿ ಷೋ’ವನ್ನು ಪತ್ರಿಕೋದ್ಯಮದ ಪುನರ್ನಿರ್ಮಾಣವೆಂದೇ ಎತ್ತಿಹಿಡಿದರು. ಮರುವರ್ಷ ಬೌಮ್‌ಗಾರ್ಟ್ನರ್ ಮತ್ತು ಮಾರಿಸ್ ಎಂಬ ಇಬ್ಬರು, ಇದನ್ನು ನೋಡಿದ ಯುವಕರು ಎರಡೂ ಪಕ್ಷದ ಅಭ್ಯರ್ಥಿಗಳನ್ನು ಕೀಳಾಗಿ ಕಾಣುತ್ತಾರೆ, ಚುನಾವಣೆಯಲ್ಲೂ ಸುದ್ದಿಮಾಧ್ಯಮದಲ್ಲೂ ನಂಬಿಕೆ ಕಳೆದುಕೊಳ್ಳುತ್ತಾರೆ ಎಂದು ಕಳವಳಪಟ್ಟರು. ಒಬ್ಬರಿಗೆ ಇದು ಔಷಧ, ಇನ್ನಿಬ್ಬರಿಗೆ ವಿಷ. ಕೃತಿಯೆಂದು ಕಂಡವರು ಯಾರೂ ಇಲ್ಲ. ಈ ಇಬ್ಬರ ಅಧ್ಯಯನದ ಇನ್ನೊಂದು ಮಾತು ನಮ್ಮ ದೃಷ್ಟಿಗೆ ಹೆಚ್ಚು ಮುಖ್ಯವಾದುದು: ವ್ಯವಸ್ಥೆಯಲ್ಲಿ ನಂಬಿಕೆ ಕುಗ್ಗಿದ ಆ ಯುವಕರಿಗೆ ರಾಜಕೀಯವನ್ನು ಅರಿಯುವ ತಮ್ಮ ಶಕ್ತಿಯಲ್ಲಿ ವಿಶ್ವಾಸ ಹೆಚ್ಚಿತ್ತು. ಆ ಏರಿದ ಹುಬ್ಬು ಪ್ರೇಕ್ಷಕನಿಗೆ ಸಲ್ಲಿಸುತ್ತಿದ್ದ ಮುಖಸ್ತುತಿಗೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ? ಇನ್ನು ತಡರಾತ್ರಿಯ ಟೆಲಿವಿಷನ್ನಿನ ಹಿಂದಿನ ನಿರೂಪಕ ಜಾನಿ ಕಾರ್ಸನ್ನನ ಕಾಲವನ್ನು ನೆನೆದು ನಿಟ್ಟುಸಿರಿಡುವವರು ಮೂರನೆಯ ಪಂಗಡ. 1962ರಿಂದ 1992ರವರೆಗೆ ಕಾರ್ಸನ್ ಪಕ್ಷಾತೀತನಾಗಿದ್ದುದು ವೈರಾಗ್ಯದಿಂದಲ್ಲ. ದೇಶವೆಲ್ಲ ಮೂರೇ ದೊಡ್ಡ ವಾಹಿನಿಗಳನ್ನು ನೋಡುತ್ತಿದ್ದ ಕಾಲದಲ್ಲಿ ಯಾವ ಗಿರಾಕಿಯನ್ನೂ ಕಳೆದುಕೊಳ್ಳಲಾರದ ವರ್ತಕನ ಎಚ್ಚರಿಕೆಯಿಂದ. ಕೇಬಲ್ ಬಂದ ಮೇಲೆ ನಿಷ್ಠಾವಂತರ ಸಣ್ಣ ಗುಂಪೇ ಲಾಭಕ್ಕೆ ಸಾಕಾಯಿತು.

ಕೋಲ್ಬೇರನ ವಿಷಯದಲ್ಲಂತೂ ಈ ವಿದ್ವಾಂಸವರ್ಗದ ಓದುಗರು ತೀರ ಎಡವಿದರು. 2005ರಿಂದ 2014ರವರೆಗೆ ಆತ ಬಲಪಂಥೀಯ ನಿರೂಪಕನೊಬ್ಬನ ವೇಷ ತೊಟ್ಟು, ಕಣ್ಣು ಮಿಟುಕಿಸದೆ ಆಡುತ್ತಿದ್ದನು. ಒಹಾಯೊದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸಂಪ್ರದಾಯಪಕ್ಷದ ಪ್ರೇಕ್ಷಕರಲ್ಲಿ ಆತ ಹಾಸ್ಯದ ಸೋಗಿನಲ್ಲಿ ತನ್ನ ನಿಜವಾದ ಅಭಿಪ್ರಾಯವನ್ನೇ ಹೇಳುತ್ತಿದ್ದಾನೆಂಬ ನಂಬಿಕೆ ಹೆಚ್ಚೆಂದು ತೋರಿಸಿತು. ಆ ಪ್ರೇಕ್ಷಕರ ಮಂದಬುದ್ಧಿಗೆ ಇದು ನಿದರ್ಶನವೆಂದು ಉದಾರವಾದಿಗಳು ಹಿಗ್ಗಿದರು. ಎರಡೂ ಪಕ್ಷದವರಿಗೆ ಆ ಹಾಸ್ಯ ಸಮನಾಗಿಯೇ ರುಚಿಸಿತ್ತೆಂದು ಅದೇ ಅಧ್ಯಯನ ಹೇಳಿದುದನ್ನು ಮರೆತರು. ಮುಖದ ತೀರ್ಪಿಲ್ಲದ ವೇಷದ ಬಲವದು. 2015ರಲ್ಲಿ ಸಿಬಿಎಸ್ ವಾಹಿನಿಯ ‘ಲೇಟ್ ಷೋ’ಗೆ ಬಂದ ಕೋಲ್ಬೇರ್ ಆ ವೇಷವನ್ನು ಕಳಚಿ, ಗುರುವಿನ ಮುಖವನ್ನೇ ಧರಿಸಿದನು. ಜನಪ್ರಿಯತೆ ಏರಿತು, ಕಲೆ ಇಳಿಯಿತು.

ಸ್ಟುವರ್ಟನ ದಿಗ್ವಿಜಯವೆಂದು ಹಾಡಲಾಗುವ ‘ಕ್ರಾಸ್‌ಫೈರ್’ ಪ್ರಸಂಗವನ್ನೂ ಈ ಬೆಳಕಿನಲ್ಲಿ ಕಾಣಬೇಕು. 2004ರ ಅಕ್ಟೋಬರಿನಲ್ಲಿ ಸಿಎನ್‌ಎನ್‌ನ ಆ ಚರ್ಚಾಕೂಟಕ್ಕೆ ಹೋಗಿ, ನೀವು ದೇಶಕ್ಕೆ ಕೇಡು ಮಾಡುತ್ತಿದ್ದೀರೆಂದು ನಿರೂಪಕರನ್ನು ಗದರಿಸಿದ ಆತ, ನೀನು ಡೆಮೊಕ್ರಾಟಿಕ್ ಅಭ್ಯರ್ಥಿ ಜಾನ್ ಕೆರ್ರಿಗೆ ಗಟ್ಟಿ ಪ್ರಶ್ನೆ ಕೇಳಲಿಲ್ಲವೇಕೆಂದು ಆ ನಿರೂಪಕರಲ್ಲೊಬ್ಬನಾದ ಟಕರ್ ಕಾರ್ಲ್‌ಸನ್ ತಿರುಗಿ ಕೇಳಿದಾಗ, ನನ್ನ ಕಾರ್ಯಕ್ರಮಕ್ಕೆ ಮೊದಲು ಬರುವುದು ಫೋನಿನಲ್ಲಿ ಕೀಟಲೆ ಮಾಡುವ ಬೊಂಬೆಗಳೆಂದು ಜಾರಿಕೊಂಡನು. ಆರೋಪಿಸುವಾಗ ನ್ಯಾಯಾಧೀಶ, ಉತ್ತರಿಸುವಾಗ ವಿದೂಷಕ! 2005ರ ಜನವರಿಯಲ್ಲಿ ಸಿಎನ್‌ಎನ್ ಆ ಕಾರ್ಯಕ್ರಮವನ್ನು ಕೈಬಿಡುವ ನಿರ್ಧಾರ ಮಾಡಿತು. ಅದು ಕೂಗಾಟದ ಕೂಟವಾಗಿದ್ದುದು ದಿಟ. ಆದರೆ ಎರಡು ಪಕ್ಷದವರು ಒಂದೇ ಮೇಜಿಗೆ ಕುಳಿತುಕೊಳ್ಳುತ್ತಿದ್ದ ಕೂಟವೂ ಹೌದು. ಮುಂದೆ ಕಾರ್ಲ್‌ಸನ್ ಬಲಪಂಥೀಯ ವಾಹಿನಿಯಾದ ಫಾಕ್ಸ್‌ನಲ್ಲಿ ಎದುರಾಳಿಯಿಲ್ಲದ ತನ್ನದೇ ಮೇಜನ್ನು ಪಡೆದನು. 2021ರಲ್ಲಿ ಅದೇ ಫಾಕ್ಸ್ ಗ್ರೆಗ್ ಗಟ್‌ಫೆಲ್ಡನಿಂದ ವಾರದ ರಾತ್ರಿಗಳಲ್ಲಿ ಸ್ವಪಕ್ಷದ ನಗೆಯನ್ನು ಬಡಿಸತೊಡಗಿತು.

ಒಡಕನ್ನು ಈ ಹಾಸ್ಯವೇ ಸೃಷ್ಟಿಸಿತೆಂದು ನಾವು ಹೇಳುವುದಿಲ್ಲ, ಅದರ ಬಾಯಿ ಕಟ್ಟುವುದನ್ನು ಸಮರ್ಥಿಸುವುದೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ, ಪ್ರಸಾರ ನಿಯಂತ್ರಣ ಆಯೋಗದ ಅಧ್ಯಕ್ಷ ಬ್ರೆಂಡನ್ ಕಾರ್ ಬೆದರಿಕೆಯ ಧಾಟಿಯಲ್ಲಿ ಮಾತನಾಡಿದ ಬೆನ್ನಿಗೇ ತಡರಾತ್ರಿಯ ಇನ್ನೊಬ್ಬ ವಿದೂಷಕ ಜಿಮ್ಮಿ ಕಿಮ್ಮೆಲನ ಕಾರ್ಯಕ್ರಮ ಕೆಲವು ದಿನ ನಿಂತುಹೋದುದನ್ನು ಯಾವ ಪ್ರಜಾಪ್ರಭುತ್ವವಾದಿಯೂ ಒಪ್ಪತಕ್ಕದ್ದಲ್ಲ. ಆದರೆ ವಿದೂಷಕನ ಬಾಯಿಗೆ ಆಳುವವನು ಕೈಯಿಟ್ಟ ಮಾತ್ರಕ್ಕೆ ಅವನ ಮಾತು ಉತ್ತಮ ಹಾಸ್ಯವಾಗದು. ಅವನ ಹಕ್ಕನ್ನು ರಕ್ಷಿಸುವುದು ಬೇರೆ, ಅವನ ಕೃತಿಗೆ ಬೆಲೆ ಕಟ್ಟುವುದು ಬೇರೆ. ಆ ಬೆಲೆಯನ್ನು ಕಟ್ಟುವಾಗ ಸ್ಟುವರ್ಟನಿಂದ ‘ಬುಷ್ ವಿರುದ್ಧ ಬುಷ್’ ತುಣುಕನ್ನೂ, ಕೋಲ್ಬೇರನಿಂದ ಆ ಒಂಬತ್ತು ವರ್ಷಗಳ ವೇಷವನ್ನೂ ಉಳಿಸಿಕೊಂಡು, ಲೋಕಶಿಕ್ಷಕರೆಂಬ ಬಿರುದನ್ನು ಇಬ್ಬರಿಂದಲೂ ಹಿಂತೆಗೆದುಕೊಳ್ಳುವುದೇ ನ್ಯಾಯ.