ಕೇರಿಯವರ ಚರಿತ್ರೆಗಳಲ್ಲಿ ಡಾರೊಥಿ

ವಿಲಿಯಂ ಕೇರಿಯವರ ಜೀವನಚರಿತ್ರೆಗಳಲ್ಲಿ ಅನೇಕವು ಪತ್ನಿ ಡಾರೊಥಿಯವರನ್ನು ಸೇವೆಗೆ ಒದಗಿದ ಅಡ್ಡಿಯೆಂದೇ ಚಿತ್ರಿಸಿವೆ. ಇದನ್ನು ನಾವು ಒಪ್ಪಲಾರೆವು. 1793ರಲ್ಲಿ ಆಕೆ ಮೊದಲು ಒಲ್ಲೆನೆಂದರು. ಬಳಿಕ ಒತ್ತಾಯಕ್ಕೆ ಮಣಿದು ಕೈಗೂಸಿನೊಡನೆ ಬಂಗಾಳಕ್ಕೆ ಹೊರಟರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡನು. ಆಮೇಲೆ ಕೆಟ್ಟ ಆಕೆಯ ಚಿತ್ತಸ್ವಾಸ್ಥ್ಯವು 1807ರಲ್ಲಿ ಮರಣಹೊಂದುವವರೆಗೂ ಮರಳಲಿಲ್ಲ. ಕೇರಿಯವರು ಆಕೆಯನ್ನು ತೊರೆಯಲಿಲ್ಲವೆಂಬುದು ಸ್ತುತ್ಯವೇ. ಆದರೆ ತೊರೆಯದಿರುವುದು ಬೇರೆ, ದೇವರ ಕರೆಯನ್ನು ಇಬ್ಬರೂ ಕೂಡಿ ಆಲಿಸುವುದು ಬೇರೆ. ಸ್ವಂತ ಮನೆಯವರ ಪಾಲನೆಯನ್ನು ಪೌಲನು ತಿಮೊಥೆಯನಿಗೆ ಬರೆಯುವಾಗ ಸಭಾಧ್ಯಕ್ಷನ ಲಕ್ಷಣಗಳಲ್ಲಿಯೇ ಸೇರಿಸಿದ್ದಾನೆ. ಆದುದರಿಂದ ವರ್ಗಾವಣೆಯ ಪತ್ರ ಬಂದಾಗ ಸಭಾಪಾಲಕನು ಮೊದಲು ಕೇಳಬೇಕಾದುದು ಪತ್ನಿಯ ಮನಸ್ಸನ್ನು. ಆಕೆಯ ‘ಬೇಡ’ವೂ ಪ್ರಾರ್ಥನೆಯ ವಿಷಯವಾಗಲಿ; ಅದನ್ನು ಸೇವೆಗೆ ವಿರೋಧವೆಂದು ಎಣಿಸದಿರೋಣ.